ಆರ್‌ವಿ ಕಮೋಡ್ ಮತ್ತು ಕೊಳಚೆ ಟ್ಯಾಂಕ್: ಬಳಸುವುದು, ಖಾಲಿ ಮಾಡುವುದು, ಕೆಡದಂತೆ ಇಟ್ಟುಕೊಳ್ಳುವುದು

ಕಮೋಡ್ ನಾರುತ್ತಿದೆ, ಟ್ಯಾಂಕ್ ಖಾಲಿಯಾದರೂ ಮೀಟರ್ ಭರ್ತಿ ತೋರಿಸುತ್ತಿದೆ, ವಾಲ್ವ್ ಎಳೆದರೂ ಏನೂ ಹೊರಗೆ ಬರುತ್ತಿಲ್ಲ. ಆರ್‌ವಿ (ಮಲಗಲು, ಅಡುಗೆಗೆ, ಶೌಚಕ್ಕೆ ಅನುಕೂಲವಿರುವ ಪ್ರವಾಸದ ಗಾಡಿ) ಇಟ್ಟುಕೊಂಡವರ ಈ ಮೂರು ದೂರುಗಳ ಬೇರು ಹುಡುಕಿಕೊಂಡು ಹೋದರೆ ಬಹುಪಾಲು ಒಂದೇ ಕಾರಣ ಸಿಗುತ್ತದೆ: ಟ್ಯಾಂಕಿಗೆ ಸಾಕಷ್ಟು ನೀರು ಹೋಗಿಲ್ಲ. ಗಾಡಿಯಲ್ಲಿ ಇರುವ ನೀರೇ ಕಡಿಮೆ, ಟ್ಯಾಂಕ್ ಬೇರೆ ಬೇಗ ತುಂಬುತ್ತದೆ, ಆದ್ದರಿಂದ ಕೈ ಬಿಗಿಹಿಡಿದು ಫ್ಲಶ್ ಮಾಡೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ಉಳಿಸಬೇಕೆಂದರೆ ಸ್ನಾನದಲ್ಲಿ ಉಳಿಸಿ, ಪಾತ್ರೆ ತೊಳೆಯುವಾಗ ಉಳಿಸಿ. ಕಮೋಡಿನ ಹತ್ತಿರ ಜಿಪುಣತನ ಬೇಡ. ಮುಂದೆ ಬರುವ ಹಂತಗಳಲ್ಲಿ ಹೆಚ್ಚಿನವು ಈ ಒಂದು ಮಾತಿನಿಂದಲೇ ಹುಟ್ಟಿದವು.

ಗಾಡಿಯ ಹೊಟ್ಟೆಯೊಳಗೆ ಏನಿದೆ

ಸಾಮಾನ್ಯವಾಗಿ ಮೂರು ಟ್ಯಾಂಕ್‌ಗಳಿರುತ್ತವೆ. ಒಂದು ಶುದ್ಧ ನೀರಿನದು. ಇನ್ನೊಂದು ಸಿಂಕ್ ಮತ್ತು ಬಚ್ಚಲಿನಿಂದ ಬರುವ ಬಳಸಿದ ನೀರಿನದು, ಇದನ್ನು ಗ್ರೇ ಟ್ಯಾಂಕ್ ಎನ್ನುತ್ತಾರೆ. ಮೂರನೆಯದು ಕಮೋಡಿನದು, ಬ್ಲ್ಯಾಕ್ ಟ್ಯಾಂಕ್. ದೊಡ್ಡ ಗಾಡಿಗಳಲ್ಲಿ ಬ್ಲ್ಯಾಕ್ ಟ್ಯಾಂಕ್ 75ರಿಂದ 150 ಲೀಟರ್ ಹಿಡಿಯುವುದುಂಟು. ಸಣ್ಣ ವ್ಯಾನ್‌ಗಳಲ್ಲಿ ಟ್ಯಾಂಕಿನ ಬದಲು ಹೊರಗೆ ಎಳೆದು ಒಯ್ಯಬಹುದಾದ ಕ್ಯಾಸೆಟ್ ಇರುತ್ತದೆ. ಅದರ ಕ್ರಮ ಬೇರೆ, ಕೊನೆಯ ಕಡೆ ಹೇಳುತ್ತೇನೆ.

ಆರ್‌ವಿ ಕಮೋಡಿಗೂ ಮನೆಯ ಕಮೋಡಿಗೂ ಒಂದು ಮೂಲ ವ್ಯತ್ಯಾಸವಿದೆ. ಮನೆಯದರಲ್ಲಿ ಬಾಗಿದ ಪೈಪಿನೊಳಗೆ ನಿಂತ ನೀರು ನಾತವನ್ನು ತಡೆಯುತ್ತದೆ, ಮತ್ತು ಸಲಕ್ಕೆ 6 ಲೀಟರ್ ಆಸುಪಾಸಿನ ನೀರು ಎಲ್ಲವನ್ನೂ ತಳ್ಳಿಕೊಂಡು ದೂರ ಒಯ್ಯುತ್ತದೆ. ಆರ್‌ವಿಯಲ್ಲಿ ಕಮೋಡಿನ ಕೆಳಗೆ ಬಾಗಿದ ಪೈಪ್ ಇಲ್ಲ. ಬೌಲ್‌ನ ತಳದಲ್ಲಿ ಒಂದು ಮುಚ್ಚಳ, ಅದರ ಸುತ್ತ ರಬ್ಬರ್ ಸೀಲ್, ಅದರ ಕೆಳಗೆ ನೇರವಾಗಿ ಟ್ಯಾಂಕ್. ಪೆಡಲ್ ಒತ್ತಿದಾಗ ಮುಚ್ಚಳ ಸರಿಯುತ್ತದೆ, ಬೌಲ್‌ನಲ್ಲಿದ್ದದ್ದು ಕೆಳಗೆ ಬೀಳುತ್ತದೆ. ಇಷ್ಟೇ. ಬಿದ್ದದ್ದು ಬಿದ್ದಲ್ಲೇ ಇರುತ್ತದೆ. ಅದನ್ನು ಹರಡಿ, ಕರಗಿಸಿ, ಕೊನೆಗೆ ಹೊರಗೆ ಒಯ್ಯುವುದು ನೀವು ಹಾಕುವ ನೀರು ಮಾತ್ರ.

ಟ್ಯಾಂಕಿನಿಂದ ಮೇಲ್ಛಾವಣಿಯವರೆಗೆ ಒಂದು ಗಾಳಿಕೊಳವೆ ಹೋಗಿರುತ್ತದೆ. ಒಳಗೆ ಹುಟ್ಟುವ ಅನಿಲ ಹೊರಹೋಗುವುದು, ಖಾಲಿ ಮಾಡುವಾಗ ಗಾಳಿ ಒಳಬರುವುದು ಎರಡೂ ಇದರಿಂದಲೇ. ಟ್ಯಾಂಕಿನ ಕೆಳಭಾಗದಲ್ಲಿ ಎಳೆಯುವ ಹಿಡಿಯಿರುವ ವಾಲ್ವ್ ಇದೆ. ಗ್ರೇ ಮತ್ತು ಬ್ಲ್ಯಾಕ್ ಎರಡಕ್ಕೂ ಬೇರೆ ಬೇರೆ ವಾಲ್ವ್ ಇದ್ದರೂ ಸಾಮಾನ್ಯವಾಗಿ ಎರಡೂ ಒಂದೇ 3 ಇಂಚಿನ ಬಾಯಿಗೆ ಬಂದು ಕೂಡುತ್ತವೆ. ಈ ಕೂಡುವಿಕೆ ಖಾಲಿ ಮಾಡುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಬಳಸುವ ಮೊದಲು: ತಳಕ್ಕೆ ನೀರು

ಖಾಲಿ ಟ್ಯಾಂಕನ್ನು ಒಣದಾಗಿ ಬಳಸಲು ಶುರುಮಾಡಬೇಡಿ. ಮೊದಲು ಬಿದ್ದದ್ದು ಒಣ ಪ್ಲಾಸ್ಟಿಕ್ಕಿಗೆ ಅಂಟಿ, ಅದರ ಮೇಲೆ ಕಾಗದ ಕೂತು, ಅಲ್ಲಿಂದಲೇ ಗುಡ್ಡೆ ಏಳಲು ತೊಡಗುತ್ತದೆ.

ಟ್ಯಾಂಕಿನ ವಾಲ್ವ್ ಮುಚ್ಚಿದೆಯೇ ಎಂದು ಕೈಯಿಂದ ಒತ್ತಿ ಖಚಿತಪಡಿಸಿಕೊಳ್ಳಿ. ಆಮೇಲೆ ಪೆಡಲ್ ಒತ್ತಿಹಿಡಿದು, ಇಲ್ಲವೇ ಬಕೆಟ್‌ನಿಂದ ಸುರಿದು, ತಳ ಪೂರ್ತಿ ಮುಚ್ಚುವಷ್ಟು ನೀರು ಬಿಡಿ. ಕನಿಷ್ಠ 4ರಿಂದ 8 ಲೀಟರ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಪ್ರಕಾರ ದೊಡ್ಡ, ಚಪ್ಪಟೆ ಟ್ಯಾಂಕಿಗೆ 10 ಲೀಟರ್‌ಗಿಂತ ಕಡಿಮೆ ಹಾಕುವುದೇ ಬೇಡ. ಟ್ಯಾಂಕ್ ಔಷಧಿ (ವಾಸನೆ ಅಡಗಿಸಲು, ಕೊಳಚೆ ಒಡೆಯಲು ಹಾಕುವುದು) ಬಳಸುವುದಾದರೆ ಈ ನೀರಿಗೇ ಹಾಕಿ.

ದಿನನಿತ್ಯದ ಬಳಕೆ

ಹೆಚ್ಚಿನ ಕಮೋಡ್‌ಗಳಲ್ಲಿ ಪೆಡಲ್ಲಿಗೆ ಎರಡು ಹಂತ. ಅರ್ಧ ಒತ್ತಿದರೆ ಬೌಲ್‌ಗೆ ನೀರು ಬರುತ್ತದೆ, ಪೂರ್ತಿ ಒತ್ತಿದರೆ ಮುಚ್ಚಳ ತೆರೆಯುತ್ತದೆ. ಕೆಲವು ಮಾದರಿಗಳಲ್ಲಿ ಪೆಡಲನ್ನು ಮೇಲಕ್ಕೆ ಎತ್ತಿದರೆ ನೀರು ಬರುತ್ತದೆ. ಗಾಡಿ ಬಾಡಿಗೆಯದಾದರೆ ಮೊದಲೇ ಒಮ್ಮೆ ಪರೀಕ್ಷಿಸಿ ನೋಡಿಕೊಳ್ಳಿ.

ಮೂತ್ರಕ್ಕೆ ಸ್ವಲ್ಪ ನೀರು ಸಾಕು. ಮಲವಿಸರ್ಜನೆಗೆ ಮೊದಲು ಬೌಲ್ ಅರ್ಧ ತುಂಬಿಸಿಕೊಳ್ಳಿ. ಮುಗಿದ ಮೇಲೆ ಪೂರ್ತಿ ಒತ್ತಿ, ಎಲ್ಲ ಕೆಳಗೆ ಹೋದ ಮೇಲೂ ನಾಲ್ಕೈದು ಸೆಕೆಂಡು ನೀರು ಹರಿಯಲು ಬಿಡಿ. ಕಾಗದವೇನಾದರೂ ಸೀಲಿನ ಅಂಚಿನಲ್ಲಿ ಸಿಕ್ಕಿಕೊಂಡರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಆ ನಾಲ್ಕೈದು ಸೆಕೆಂಡಿನ ನೀರು ಅದನ್ನೂ ತೊಳೆದುಬಿಡುತ್ತದೆ. ಪೆಡಲನ್ನು ಪಟ್ಟನೆ ಬಿಡದೆ ನಿಧಾನವಾಗಿ ಬಿಡಿ.

ಕೊನೆಗೆ ಬೌಲ್‌ನ ತಳದಲ್ಲಿ ಒಂದೆರಡು ಇಂಚು ನೀರು ನಿಲ್ಲಿಸಿ. ಟ್ಯಾಂಕಿನ ವಾಸನೆಯನ್ನು ಒಳಗೆ ಬಿಡದಂತೆ ತಡೆಯುವುದು ಆ ನೀರೇ, ರಬ್ಬರ್ ಸೀಲ್ ಒಣಗಿ ಬಿರಿಯದಂತೆ ಕಾಯುವುದೂ ಅದೇ. ನೀರು ತಾನಾಗಿಯೇ ಇಳಿದುಹೋಗುತ್ತಿದ್ದರೆ ಸೀಲ್ ಕೊಳೆಯಾಗಿದೆ ಅಥವಾ ಸವೆದಿದೆ ಎಂದರ್ಥ.

ಒಳಗೆ ಹೋಗಬಾರದ್ದು

ಪಟ್ಟಿ ಚಿಕ್ಕದು, ಆದರೆ ರಾಜಿಯಿಲ್ಲ. ಒದ್ದೆ ಟಿಶ್ಯೂಗಳು (ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಎಂದು ಬರೆದಿದ್ದರೂ), ಸ್ಯಾನಿಟರಿ ಪ್ಯಾಡ್, ಡೈಪರ್, ಹತ್ತಿ, ಕೂದಲು, ಉಳಿದ ಊಟ, ಎಣ್ಣೆ ಜಿಡ್ಡು. ಇವಕ್ಕೆಲ್ಲ ಕಮೋಡಿನ ಪಕ್ಕದಲ್ಲೇ ಮುಚ್ಚಳವಿರುವ ಒಂದು ಸಣ್ಣ ಡಬ್ಬಿ ಇಟ್ಟರೆ ಜಗಳವೇ ಇಲ್ಲ. ಜೊತೆಗೆ ಬಂದ ಅತಿಥಿಗಳಿಗೆ ಮೊದಲೇ ಹೇಳಿಬಿಡಿ. ಸಂಕೋಚ ಅನ್ನಿಸಿದರೆ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿ.

ಟಾಯ್ಲೆಟ್ ಪೇಪರ್ ಬಳಸುವವರು ಆರ್‌ವಿಗೆಂದೇ ಮಾರುವ ದುಬಾರಿ ಕಾಗದ ಕೊಳ್ಳಲೇಬೇಕೆಂದಿಲ್ಲ. ಗಾಜಿನ ಬಾಟಲಿಯಲ್ಲಿ ಮುಕ್ಕಾಲು ನೀರು ತುಂಬಿ, ನಿಮ್ಮಲ್ಲಿರುವ ಕಾಗದದ ಎರಡು ಮೂರು ತುಂಡು ಹಾಕಿ, ಮುಚ್ಚಿ ಕುಲುಕಿ. ಕೆಲವೇ ಕ್ಷಣಗಳಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಂಡರೆ ಅದು ಟ್ಯಾಂಕಿಗೆ ಆಗುತ್ತದೆ. ಇಡಿಯಾಗಿ ತೇಲುತ್ತಿದ್ದರೆ ಬೇಡ. ಮೆತ್ತನೆಯ, ದಪ್ಪ ಪದರದ ಕಾಗದ ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಕಾಗದದ ಬದಲು ನೀರು ಬಳಸಿ ತೊಳೆದುಕೊಳ್ಳುವ ಅಭ್ಯಾಸವಿರುವವರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲ: ಕಾಗದದ ಕಾಟವೂ ಇಲ್ಲ, ಟ್ಯಾಂಕಿಗೆ ಬೇಕಾದ ನೀರೂ ಹೋಯಿತು. ಟ್ಯಾಂಕ್ ತುಸು ಬೇಗ ತುಂಬುತ್ತದೆ, ಅಷ್ಟೇ.

ಔಷಧಿ ಹಾಕಬೇಕೇ?

ಸಾಕಷ್ಟು ನೀರು ಹಾಕುವವರಿಗೆ ಔಷಧಿ ಒಂದು ನೆರವು. ನೀರು ಹಾಕದವರನ್ನು ಯಾವ ಔಷಧಿಯೂ ಕಾಪಾಡುವುದಿಲ್ಲ.

ಮಾರುಕಟ್ಟೆಯಲ್ಲಿ ಸಿಗುವವು ಮುಖ್ಯವಾಗಿ ಎರಡು ಬಗೆ. ಒಂದು, ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕ ಇರುವವು. ಇವು ಬ್ಯಾಕ್ಟೀರಿಯಾಗಳನ್ನು ಕೊಂದು ಕೊಳೆಯುವುದನ್ನೇ ನಿಲ್ಲಿಸಿ ವಾಸನೆ ಅಡಗಿಸುತ್ತವೆ. ತೊಂದರೆ ಏನೆಂದರೆ, ಖಾಲಿ ಮಾಡಿದ ಮೇಲೆ ಆ ಕೊಳಚೆ ಸೇರುವ ಸೆಪ್ಟಿಕ್ ಟ್ಯಾಂಕ್ ನಡೆಯುವುದೇ ಬ್ಯಾಕ್ಟೀರಿಯಾದಿಂದ. ಅಲ್ಲಿಯೂ ಅವನ್ನು ಕೊಲ್ಲುತ್ತವೆ. ಅದಕ್ಕೇ ಅನೇಕ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಇವನ್ನು ಬಿಡುವುದಿಲ್ಲ. ಎರಡನೆಯದು, ಬ್ಯಾಕ್ಟೀರಿಯಾ ಮತ್ತು ಎಂಜೈಮ್ ಇರುವವು. ಇವು ಮಲವನ್ನೂ ಕಾಗದವನ್ನೂ ಒಡೆಯುತ್ತವೆ. ಜೀವಿಗಳಾದ್ದರಿಂದ ತೀರಾ ಚಳಿಯಲ್ಲಿ ಮಂಕಾಗುತ್ತವೆ, ಟ್ಯಾಂಕ್ ತೀರಾ ಬಿಸಿಯಾದರೂ ಕೆಲಸ ಸೊರಗುತ್ತದೆ, ಒಣ ಟ್ಯಾಂಕಿನಲ್ಲಿ ಬದುಕುವುದೇ ಇಲ್ಲ. ಎರಡನೆಯದನ್ನೇ ಆರಿಸಿ. ಡಬ್ಬಿಯ ಮೇಲೆ ಬರೆದ ಪ್ರಮಾಣ ಮೀರಬೇಡಿ.

ಬ್ಲೀಚ್ ಮಾತ್ರ ಖಂಡಿತ ಬೇಡ. ಮೂತ್ರದಿಂದ ಅಮೋನಿಯಾ ಹುಟ್ಟುತ್ತದೆ, ಅದರ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ಇಕ್ಕಟ್ಟಾದ ಶೌಚಾಲಯದಲ್ಲಿ ಅದನ್ನು ಉಸಿರಾಡುವುದು ಅಪಾಯ. ರಬ್ಬರ್ ಸೀಲ್‌ಗಳಿಗೂ ಬ್ಲೀಚ್ ಆಗಿಬರುವುದಿಲ್ಲ, ಹಾಕಿದ ಎಂಜೈಮ್ ಔಷಧಿಯೂ ದಂಡವಾಗುತ್ತದೆ.

ಬ್ಲ್ಯಾಕ್ ವಾಲ್ವ್ ಮುಚ್ಚಿಯೇ ಇರಲಿ

ಒಳಚರಂಡಿ ಸಂಪರ್ಕವಿರುವ ಜಾಗದಲ್ಲಿ ವಾರಗಟ್ಟಲೆ ನಿಂತಾಗ ಒಂದು ಆಸೆ ಹುಟ್ಟುತ್ತದೆ: ಹೋಸ್ ಹೇಗೂ ಜೋಡಿಸಿದೆ, ವಾಲ್ವ್ ತೆರೆದೇ ಇಟ್ಟರೆ ಎಲ್ಲ ತಾನಾಗಿ ಹರಿದುಹೋಗುತ್ತದಲ್ಲ? ಹೋಗುವುದಿಲ್ಲ. ನೀರು ಮಾತ್ರ ಸೋರಿಹೋಗಿ ಗಟ್ಟಿ ಪದಾರ್ಥವೆಲ್ಲ ಕಮೋಡಿನ ಕೆಳಗೇ ಉಳಿದು, ಹುತ್ತ ಬೆಳೆದಂತೆ ಬೆಳೆಯುತ್ತದೆ. ಒಂದು ದಿನ ಅದು ಬೌಲ್‌ನ ಮುಚ್ಚಳಕ್ಕೇ ಬಂದು ತಾಕುತ್ತದೆ. ಹೋಸ್‌ನೊಳಗಿನ ನಾತ, ನೊಣಗಳು ಟ್ಯಾಂಕಿಗೆ ಬರುವುದು ಬೇರೆ.

ಆದ್ದರಿಂದ ವಾಲ್ವ್ ಮುಚ್ಚಿಟ್ಟು, ಟ್ಯಾಂಕ್ ಕನಿಷ್ಠ ಮೂರನೇ ಎರಡು ಭಾಗ ತುಂಬಿದ ಮೇಲೆ ಒಮ್ಮೆಲೇ ತೆರೆಯಿರಿ. ತುಂಬಿದ ಟ್ಯಾಂಕಿನ ಭಾರವೇ ಎಲ್ಲವನ್ನೂ ದೂಡಿಕೊಂಡು ಹೋಗುವ ಶಕ್ತಿ. ಅಷ್ಟು ತುಂಬುವ ಮೊದಲೇ ಹೊರಡಬೇಕಾಗಿ ಬಂದರೆ ಬರಿಯ ನೀರು ಸುರಿದಾದರೂ ಮಟ್ಟ ಏರಿಸಿ, ಆಮೇಲೆ ಖಾಲಿ ಮಾಡಿ.

ಗ್ರೇ ವಾಲ್ವ್ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ, ತೆರೆದಿಟ್ಟರೆ ಗುಡ್ಡೆ ಏಳುವುದಿಲ್ಲ. ಆದರೂ ಬ್ಲ್ಯಾಕ್ ಖಾಲಿ ಮಾಡುವ ಒಂದು ದಿನ ಮೊದಲು ಅದನ್ನೂ ಮುಚ್ಚಿ. ಹೋಸ್ ತೊಳೆಯಲು ಸೋಪಿನ ನೀರು ಪುಕ್ಕಟೆ ಸಿಗುತ್ತದೆ.

ಖಾಲಿ ಮಾಡುವ ದಿನ

ಮೊದಲು ಸಾಮಾನು. ಬಿಸಾಡುವ ಕೈಗವಸು ಹಲವು ಜೊತೆ. 3 ಇಂಚಿನ ಗಟ್ಟಿಮುಟ್ಟಾದ ಕೊಳಚೆ ಹೋಸ್. ತೆಳ್ಳಗಿನದು ಅಗ್ಗ, ಆದರೆ ಒಂದು ಸೂಜಿಮೊನೆಯಷ್ಟು ತೂತು ಬಿದ್ದರೂ ಆ ಉಳಿತಾಯ ನೆಲದ ಮೇಲೆ ಚೆಲ್ಲಿರುತ್ತದೆ. ಹರಿಯುವುದು ಕಾಣುವಂತೆ ಪಾರದರ್ಶಕ ಮೊಣಕೈ ಪೈಪ್. ಹೋಸ್‌ಗೆ ಇಳಿಜಾರು ಕೊಡುವ ಮಡಚುವ ಆಸರೆ. ತೊಳೆಯಲು ಪ್ರತ್ಯೇಕ ನೀರಿನ ಹೋಸ್, ಬಣ್ಣವೇ ಬೇರೆ ಇರಲಿ. ಕುಡಿಯುವ ನೀರಿನ ಹೋಸ್ ಇರುವ ಪೆಟ್ಟಿಗೆಯಲ್ಲಿ ಇದನ್ನು ಇಡಬೇಡಿ. ಒಂದು ಸಣ್ಣ ಬಕೆಟ್. ಸೋಪು.

ಜಾಗ ಯಾವಾಗಲೂ ಅಧಿಕೃತ ಡಂಪ್ ಸ್ಟೇಷನ್ (ಇಂಥ ಗಾಡಿಗಳ ಕೊಳಚೆ ಖಾಲಿ ಮಾಡಲೆಂದೇ ಇರುವ ಜಾಗ) ಅಥವಾ ಕ್ಯಾಂಪ್‌ಗ್ರೌಂಡಿನ ಒಳಚರಂಡಿ ಸಂಪರ್ಕವೇ ಆಗಿರಬೇಕು. ಮಳೆನೀರಿನ ಚರಂಡಿಗೆ, ಹೊಲಕ್ಕೆ, ಹಳ್ಳಕ್ಕೆ ಬಿಡುವುದು ಅಪರಾಧ ಮಾತ್ರವಲ್ಲ, ಕೆಳಗಿನವರ ಕುಡಿಯುವ ನೀರಿಗೆ ರೋಗ ಸೇರಿಸಿದಂತೆ.

1. ಗಾಡಿಯ ಕೊಳಚೆ ಬಾಯಿ ನೆಲದ ಕಿಂಡಿಗೆ ಹತ್ತಿರ ಬರುವಂತೆ ನಿಲ್ಲಿಸಿ. ಸಮತಟ್ಟಾಗಿರಲಿ, ಅಥವಾ ಬಾಯಿಯ ಕಡೆ ತುಸು ತಗ್ಗಿರಲಿ.

2. ಕೈಗವಸು ಹಾಕಿ. ಎರಡೂ ವಾಲ್ವ್ ಮುಚ್ಚಿವೆಯೇ ಎಂದು ಒತ್ತಿ ನೋಡಿ. ಬಾಯಿಯ ಕೆಳಗೆ ಬಕೆಟ್ ಇಟ್ಟು ಮುಚ್ಚಳ ತಿರುಗಿಸಿ. ವಾಲ್ವ್ ಸ್ವಲ್ಪ ಸೋರುತ್ತಿದ್ದರೆ ಮುಚ್ಚಳದ ಹಿಂದೆ ನಿಂತದ್ದು ಬಕೆಟ್‌ಗೆ ಬೀಳುತ್ತದೆ, ನಿಮ್ಮ ಕಾಲಿಗಲ್ಲ. ಪಕ್ಕಕ್ಕೆ ನಿಂತು ತೆರೆಯಿರಿ.

3. ಹೋಸ್‌ನ ಕೊಂಡಿಗಳು ಬಾಯಿಯ ಎರಡೂ ಬದಿಯ ಗೂಟಗಳಿಗೆ ಪೂರ್ತಿ ಕೂರುವವರೆಗೆ ತಿರುಗಿಸಿ, ಒಮ್ಮೆ ಜಗ್ಗಿ ನೋಡಿ. ಇನ್ನೊಂದು ತುದಿಯನ್ನು ನೆಲದ ಕಿಂಡಿಗೆ ಇಳಿಸಿ. ಕಿಂಡಿಗೆ ತಿರುಪಿನ ಸುತ್ತುಗಳಿದ್ದರೆ ತಿರುಗಿಸಿ ಬಿಗಿಯಿರಿ, ಇಲ್ಲವಾದರೆ ಭಾರವಾದ ಕಲ್ಲೋ ಇಟ್ಟಿಗೆಯೋ ಇಡಿ. ರಭಸಕ್ಕೆ ಹೋಸ್ ಎಗರಿ ಹೊರಬರುವುದುಂಟು. ಮಧ್ಯೆ ಎಲ್ಲೂ ತಗ್ಗಿನಲ್ಲಿ ಜೋತುಬೀಳದಂತೆ ಆಸರೆ ಕೊಡಿ.

4. ಬ್ಲ್ಯಾಕ್ ತೆರೆಯುವ ಮೊದಲು ಗ್ರೇ ವಾಲ್ವನ್ನು ಕೆಲವು ಸೆಕೆಂಡು ಮಾತ್ರ ತೆರೆದು ಮುಚ್ಚಿ. ಎಲ್ಲಾದರೂ ಸೋರಿದರೆ ಸೋಪಿನ ನೀರು ಸೋರುತ್ತದೆ. ಈ ಹಂತ ಬಹಳ ಕಡೆ ಬರೆದಿರುವುದಿಲ್ಲ. ಖಾಲಿ ಮಾಡುವ ಕೆಲಸದಲ್ಲಿ ಅತ್ಯಂತ ಅಗ್ಗದ ವಿಮೆ ಇದೇ.

5. ಈಗ ಬ್ಲ್ಯಾಕ್ ವಾಲ್ವ್ ಅನ್ನು ಒಂದೇ ಎಳೆತಕ್ಕೆ ಪೂರ್ತಿ ತೆರೆಯಿರಿ. ಅನುಮಾನಿಸುತ್ತ ಅರ್ಧ ಎಳೆದರೆ ರಭಸ ಹೋಗುತ್ತದೆ, ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಮೊದಲು ಜೋರಾಗಿ ಹರಿದು, ನಿಂತಂತಾಗಿ, ಮತ್ತೆ ಒಂದೆರಡು ಬಾರಿ ಬರುತ್ತದೆ. ಆತುರ ಬೇಡ.

6. ಹರಿವು ನಿಂತ ಮೇಲೆ ವಾಲ್ವ್ ಮುಚ್ಚಿ, ಒಳಗಿನಿಂದ 10ರಿಂದ 15 ಲೀಟರ್ ನೀರು ಸುರಿದು, ಮತ್ತೆ ತೆರೆಯಿರಿ. ಪಾರದರ್ಶಕ ಪೈಪಿನಲ್ಲಿ ನೀರು ತಿಳಿಯಾಗಿ ಕಾಣುವವರೆಗೆ ಇದನ್ನು ಪುನರಾವರ್ತಿಸಿ. ಹಿಂದೆ ಬೇರೆ ಗಾಡಿಗಳು ಸಾಲುಗಟ್ಟಿ ಕಾಯುತ್ತಿದ್ದರೆ ಎರಡು ಸಲಕ್ಕೆ ಮುಗಿಸಿ, ಉಳಿದದ್ದನ್ನು ಮುಂದಿನ ಸಲ ನಿಧಾನವಾಗಿ ಮಾಡಿ.

7. ಬ್ಲ್ಯಾಕ್ ಮುಚ್ಚಿ, ಗ್ರೇ ತೆರೆಯಿರಿ. ಬಚ್ಚಲಿನ ನೀರು ಹೋಸ್ ತೊಳೆದುಕೊಂಡು ಹೋಗುತ್ತದೆ. ಈ ಕ್ರಮ ಹಿಂದುಮುಂದಾಗಬಾರದು. ಎರಡನ್ನೂ ಒಟ್ಟಿಗೆ ತೆರೆದಿಡಬಾರದು. ಹೋಸ್ ಕಟ್ಟಿಕೊಂಡರೆ ಕೊಳಚೆ ಗ್ರೇ ಟ್ಯಾಂಕಿಗೆ, ಅಲ್ಲಿಂದ ಬಚ್ಚಲಿಗೂ ಏರಬಹುದು.

8. ಎರಡೂ ವಾಲ್ವ್ ಮುಚ್ಚಿ. ಗಾಡಿಯ ಕಡೆಯ ತುದಿಯನ್ನು ಮೊದಲು ಬಿಚ್ಚಿ, ಎತ್ತಿ ಹಿಡಿದು, ಉಳಿದದ್ದು ಕಿಂಡಿಗೆ ಹರಿಯುವಂತೆ ಹೋಸ್ ಉದ್ದಕ್ಕೂ ಎತ್ತುತ್ತ ಸಾಗಿ. ಅದೇ ತುದಿಯಿಂದ ನೀರು ಬಿಟ್ಟು ತೊಳೆದು, ಆಮೇಲೆ ಕಿಂಡಿಯ ಕಡೆಯದನ್ನು ತೆಗೆಯಿರಿ. ಡಂಪ್ ಸ್ಟೇಷನ್ನಿನಲ್ಲಿ ತೊಳೆಯುವ ನಲ್ಲಿ ಮತ್ತು ಕುಡಿಯುವ ನೀರಿನ ನಲ್ಲಿ ಬೇರೆ ಬೇರೆ ಇರುತ್ತವೆ. ಕೊಳಚೆ ಹೋಸ್ ಮುಟ್ಟಿದ ಕೈಯಲ್ಲಿ ಕುಡಿಯುವ ನೀರಿನ ನಲ್ಲಿ ಮುಟ್ಟಬೇಡಿ. ಬೇರೆಯವರು ಈ ಎಚ್ಚರಿಕೆ ವಹಿಸಿದ್ದಾರೆ ಎಂದೂ ನಂಬಬೇಡಿ, ಕುಡಿಯುವ ನೀರು ತುಂಬುವ ಮೊದಲು ಆ ನಲ್ಲಿಯ ಮೂತಿಯನ್ನು ಸೋಂಕುನಾಶಕದಿಂದ ಒರೆಸಿ.

9. ಮುಚ್ಚಳ ಹಾಕಿ, ನೆಲದ ಕಿಂಡಿ ಮುಚ್ಚಿ, ಸುತ್ತ ನೀರು ಹೊಯ್ದು ಸ್ವಚ್ಛ ಮಾಡಿ. ಕೈಗವಸು ಒಳಹೊರಗು ಮಾಡಿ ಬಿಚ್ಚಿ ಕಸಕ್ಕೆ ಹಾಕಿ, ಸೋಪಿನಿಂದ ಕೈ ತೊಳೆಯಿರಿ. ಬರಿಯ ಸ್ಯಾನಿಟೈಸರ್ ಸಾಲದು. ನೊರೊವೈರಸ್‌ನಂಥ ಹೊಟ್ಟೆಯ ಸೋಂಕುಗಳು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

10. ಮತ್ತೆ ತಳಕ್ಕೆ ನೀರು, ಔಷಧಿ. ಇದನ್ನು ಇಲ್ಲೇ ಮಾಡಿ, ಆಮೇಲೆ ಮಾಡೋಣ ಎಂದರೆ ಮರೆತುಹೋಗುತ್ತದೆ.

ಟ್ಯಾಂಕ್ ತೊಳೆಯುವ ಸೌಲಭ್ಯವಿದ್ದರೆ

ಕೆಲವು ಗಾಡಿಗಳಲ್ಲಿ ಟ್ಯಾಂಕಿನೊಳಗೇ ಸಿಂಪರಣೆ ಮೂತಿ ಕೂರಿಸಿರುತ್ತಾರೆ, ಹೊರಗಿನಿಂದ ಹೋಸ್ ಜೋಡಿಸಿದರೆ ಒಳಗೋಡೆಗಳಿಗೆ ನೀರು ರಾಚುತ್ತದೆ. ಒಳ್ಳೆಯ ಸೌಲಭ್ಯ, ಜೊತೆಗೆ ಆರ್‌ವಿಯೊಳಗಿನ ಅತ್ಯಂತ ಕೆಟ್ಟ ಅನಾಹುತಕ್ಕೆ ದಾರಿಯೂ ಹೌದು. ಬ್ಲ್ಯಾಕ್ ವಾಲ್ವ್ ಮುಚ್ಚಿಟ್ಟು ಈ ನೀರು ಬಿಟ್ಟು, ಮಾತಿಗೆ ನಿಂತರೆ ಟ್ಯಾಂಕ್ ತುಂಬಿ, ಗಾಳಿಕೊಳವೆಯಿಂದ ಮೇಲ್ಛಾವಣಿಗೋ, ಕಮೋಡಿನಿಂದ ನೆಲಕ್ಕೋ ಉಕ್ಕುತ್ತದೆ. ವಾಲ್ವ್ ತೆರೆದಿರುವಾಗ ಮಾತ್ರ ನೀರು ಬಿಡಿ, ಅಲ್ಲಿಂದ ಕದಲಬೇಡಿ. ಸ್ವಲ್ಪ ತುಂಬಿಸಿ ನೆನೆಸಬೇಕೆಂದಿದ್ದರೆ ಕಮೋಡಿನ ಮುಚ್ಚಳ ತೆರೆದು, ಒಬ್ಬರು ಟಾರ್ಚ್ ಹಿಡಿದು ಒಳಗೆ ನೋಡುತ್ತ ನಿಲ್ಲಲಿ.

ಈ ಸೌಲಭ್ಯ ಇಲ್ಲದವರಿಗೆ ಕಮೋಡಿನ ಮೂಲಕ ಇಳಿಸುವ ಸಿಂಪರಣೆ ಕೋಲು ಸಿಗುತ್ತದೆ. ಅದೂ ಬೇಡವಾದರೆ ಖಾಲಿ ಟ್ಯಾಂಕಿಗೆ ಮೂರನೇ ಒಂದು ಭಾಗ ನೀರು, ಸ್ವಲ್ಪ ಪಾತ್ರೆ ತೊಳೆಯುವ ದ್ರವ ಹಾಕಿ ಗಾಡಿ ಓಡಿಸಿ. ತಿರುವು, ಉಬ್ಬುಗಳ ಕುಲುಕಾಟಕ್ಕೆ ಗೋಡೆಗಳು ತಾವಾಗಿ ತೊಳೆದುಕೊಳ್ಳುತ್ತವೆ. ಮುಂದಿನ ನಿಲ್ದಾಣದಲ್ಲಿ ಖಾಲಿ ಮಾಡಿ.

ನಾತ ಎಲ್ಲಿಂದ?

ಸುಗಂಧದ ಡಬ್ಬಿ ಕೊಳ್ಳುವ ಮೊದಲು ಮೂಲ ಹುಡುಕಿ. ಫ್ಲಶ್ ಮಾಡುವಾಗ ಮಾತ್ರ ನಾತ ಬಂದರೆ ಮೇಲ್ಛಾವಣಿಯ ಫ್ಯಾನ್ ನೋಡಿ. ಅದು ಓಡುತ್ತಿರುವಾಗ ಒಳಗಿನ ಗಾಳಿಯನ್ನು ಹೊರಗೆ ಸೆಳೆಯುತ್ತದೆ. ಆಗ ಕಮೋಡಿನ ಮುಚ್ಚಳ ತೆರೆದರೆ ಟ್ಯಾಂಕಿನ ಗಾಳಿ ಮೇಲೆ ಬಂದೇ ಬರುತ್ತದೆ. ಫ್ಯಾನ್ ನಿಲ್ಲಿಸಿ ಫ್ಲಶ್ ಮಾಡಿ, ಆಮೇಲೆ ಹಾಕಿಕೊಳ್ಳಿ. ಗಾಡಿ ಓಡುವಾಗ ಕಿಟಕಿ ತೆರೆದರೂ ಇದೇ ಪರಿಣಾಮ.

ಸದಾ ಇರುವ ನಾತಕ್ಕೆ ಬೌಲ್‌ನಲ್ಲಿ ನೀರು ನಿಲ್ಲದಿರುವುದು, ಮೇಲ್ಛಾವಣಿಯ ಕೊಳವೆಯಲ್ಲಿ ಹಕ್ಕಿ ಗೂಡು ಅಥವಾ ಎಲೆ ಸಿಕ್ಕಿರುವುದು, ಟ್ಯಾಂಕಿನಲ್ಲಿ ನೀರು ಕಡಿಮೆಯಾಗಿರುವುದು ಸಾಮಾನ್ಯ ಕಾರಣಗಳು. ಕೊಳೆತ ಮೊಟ್ಟೆಯ ವಾಸನೆ ಎಂದರೆ ಹೈಡ್ರೋಜನ್ ಸಲ್ಫೈಡ್. ಹಾಗಿದ್ದಾಗ ಮೊದಲು ಕಿಟಕಿ ತೆರೆಯಿರಿ, ಹತ್ತಿರ ಬೆಂಕಿ ಹಚ್ಚಬೇಡಿ.

ನಾತ ಕಮೋಡಿನದೇ ಎಂದು ಬ್ಲ್ಯಾಕ್ ಟ್ಯಾಂಕನ್ನು ಮತ್ತೆ ಮತ್ತೆ ತೊಳೆಯುವವರು ಗ್ರೇ ಟ್ಯಾಂಕನ್ನು ಮರೆಯುತ್ತಾರೆ. ಉಂಡ ತಟ್ಟೆಯ ಎಣ್ಣೆ, ಅನ್ನದಗುಳು ಅಲ್ಲಿ ಕೊಳೆತರೆ ಬರುವ ಗಬ್ಬು ಬ್ಲ್ಯಾಕ್‌ಗಿಂತ ಹೆಚ್ಚು. ತೊಳೆಯುವ ಮೊದಲು ತಟ್ಟೆಯನ್ನು ಕಾಗದದಿಂದ ಒರೆಸಿ, ಸಿಂಕಿಗೆ ಜಾಲರಿ ಇಡಿ. ಬಹಳ ದಿನ ಬಳಸದ ಬಚ್ಚಲಿನ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ಆರಿಹೋಗಿದ್ದರೆ ಒಂದು ಚೊಂಬು ನೀರು ಸುರಿದರೆ ಸಾಕು, ನಾತ ನಿಲ್ಲುತ್ತದೆ. ಸಿಂಕಿನ ಅಡಿಯಲ್ಲಿ ಗಾಳಿ ಒಳಬಿಡುವ ಒಂದು ಸಣ್ಣ ವಾಲ್ವ್ ಇರುತ್ತದೆ, ಅದು ತೆರೆದುಕೊಂಡು ಸಿಕ್ಕಿಬಿದ್ದರೂ ವಾಸನೆ ಬರುತ್ತದೆ. ಕೈಯಲ್ಲೇ ತಿರುಗಿಸಿ ಬದಲಿಸಬಹುದು.

ಸುಳ್ಳು ಹೇಳುವ ಮೀಟರ್

ಹಳೆಯ ಬಗೆಯ ಮೀಟರ್ ಟ್ಯಾಂಕಿನ ಗೋಡೆಯಲ್ಲಿ ಬೇರೆ ಬೇರೆ ಎತ್ತರಕ್ಕೆ ಚುಚ್ಚಿದ ಲೋಹದ ಮೊಳೆಗಳಿಂದ ನಡೆಯುತ್ತದೆ. ದ್ರವ ಅಲ್ಲಿಯವರೆಗೆ ಏರಿದಾಗ ವಿದ್ಯುತ್ ಹರಿದು ದೀಪ ಹತ್ತುತ್ತದೆ. ಆ ಮೊಳೆಗೆ ಒಂದು ಒದ್ದೆ ಕಾಗದದ ಚೂರು ಅಂಟಿದರೂ ಮೀಟರ್ ಭರ್ತಿ ತೋರಿಸುತ್ತದೆ. ಮೇಲೆ ಹೇಳಿದ ಸೋಪಿನ ನೀರಿನ ಓಡಾಟ ಇದಕ್ಕೂ ಮದ್ದು. ಟ್ಯಾಂಕಿನ ಹೊರಮೈಗೆ ಅಂಟಿಸುವ ಸಂವೇದಕಗಳು ಈ ಕಾಟದಿಂದ ತಕ್ಕಮಟ್ಟಿಗೆ ಪಾರು. ಏನೇ ಇರಲಿ, ಮೀಟರ್‌ಗಿಂತ ಟಾರ್ಚ್ ನಂಬಿಕಸ್ಥ. ಪೆಡಲ್ ಒತ್ತಿ, ಬೆಳಕು ಬಿಟ್ಟು ನೋಡಿ. ನಿಮ್ಮ ಮನೆಯವರಿಗೆ ಟ್ಯಾಂಕ್ ಎಷ್ಟು ದಿನಕ್ಕೆ ತುಂಬುತ್ತದೆ ಎಂಬುದು ಒಂದೆರಡು ಪ್ರವಾಸದಲ್ಲಿ ಗೊತ್ತಾಗಿಬಿಡುತ್ತದೆ.

ಕಟ್ಟಿಕೊಂಡರೆ

ವಾಲ್ವ್ ತೆರೆದರೂ ಹರಿಯುತ್ತಿಲ್ಲವೆಂದರೆ ಮೊದಲು ವಾಲ್ವ್ ನಿಜವಾಗಿ ತೆರೆದಿದೆಯೇ ನೋಡಿ. ತಂತಿಯಿಂದ ಎಳೆಯುವ ವಾಲ್ವ್‌ಗಳಲ್ಲಿ ಹಿಡಿ ಬಂದರೂ ಒಳಗಿನ ತಟ್ಟೆ ಕದಲದಿರುವುದುಂಟು. ತೆರೆದಿದ್ದರೆ ಮುಚ್ಚಿ, ಬಿಸಿ ನೀರು ಸುರಿಯಿರಿ. ಕುದಿಯುವುದಲ್ಲ, ಸ್ನಾನಕ್ಕೆ ಬಳಸುವಷ್ಟು ಬಿಸಿ, ಟ್ಯಾಂಕ್ ಪ್ಲಾಸ್ಟಿಕ್ಕಿನದು. ಎಂಜೈಮ್ ಔಷಧಿ ಸೇರಿಸಿ ಒಂದು ದಿನವಾದರೂ ನೆನೆಯಲು ಬಿಡಿ. ಟ್ಯಾಂಕಿನಲ್ಲಿ ಜಾಗವಿದ್ದರೆ ಗಾಡಿ ಒಂದಷ್ಟು ದೂರ ಓಡಿಸಿ. ಗುಡ್ಡೆ ಕಮೋಡಿನ ನೇರ ಕೆಳಗಿದ್ದರೆ ಮೆತ್ತನೆ ಬಾಗುವ ಕೋಲಿನಿಂದ ಮೆಲ್ಲಗೆ ಬಿಡಿಸಬಹುದು. ಕಬ್ಬಿಣದ ಸರಳು ಬೇಡ, ಸೀಲ್ ಹರಿಯುತ್ತದೆ, ಟ್ಯಾಂಕೂ ತೂತಾದೀತು. ಚರಂಡಿ ಬಿಡಿಸುವ ಕ್ಷಾರದ ಪುಡಿಗಳನ್ನು ಮುಟ್ಟಲೇಬೇಡಿ.

ಎರಡು ಮೂರು ದಿನ ನೆನೆಸಿದರೂ ಕದಲದಿದ್ದರೆ ಒತ್ತಡದ ನೀರಿನಿಂದ ತೊಳೆದುಕೊಡುವವರನ್ನು ಕರೆಯುವುದೇ ಜಾಣತನ.

ಕ್ಯಾಸೆಟ್ ಇರುವವರಿಗೆ

ಕ್ಯಾಸೆಟ್ ಸಾಮಾನ್ಯವಾಗಿ 17ರಿಂದ 20 ಲೀಟರ್ ಹಿಡಿಯುತ್ತದೆ. ಇಬ್ಬರಿಗೆ ಎರಡು ಮೂರು ದಿನ. ತುಂಬಿದಾಗ 20 ಕಿಲೋ ಆಸುಪಾಸು ತೂಗುತ್ತದೆ, ಬೆನ್ನು ನೋವಿದ್ದವರು ಭರ್ತಿಯಾಯಿತೆಂದು ತೋರಿಸುವ ದೀಪ ಹತ್ತುವವರೆಗೆ ಕಾಯದೆ ಮೊದಲೇ ಒಯ್ಯುವುದು ಲೇಸು.

ಶುರುವಿನಲ್ಲಿ ಸುಮಾರು 2 ಲೀಟರ್ ನೀರು ಮತ್ತು ಔಷಧಿ. ಹೊರತೆಗೆಯುವ ಮೊದಲು ಬೌಲ್‌ನ ಕೆಳಗಿನ ತಟ್ಟೆ ಮುಚ್ಚಿರಲೇಬೇಕು. ಖಾಲಿ ಮಾಡುವ ಜಾಗದಲ್ಲಿ ಮೂತಿಯನ್ನು ಹೊರಕ್ಕೆ ತಿರುಗಿಸಿ, ಮುಚ್ಚಳ ತೆಗೆದು, ಸುರಿಯುವಾಗ ಗಾಳಿ ಒಳಬಿಡುವ ಗುಂಡಿಯನ್ನು ಒತ್ತಿಹಿಡಿಯಿರಿ. ಅದನ್ನು ಒತ್ತದಿದ್ದರೆ ಗುಳುಗುಳು ಎಂದು ಚಿಮ್ಮಿ ಪ್ಯಾಂಟಿಗೆ ಬೀಳುತ್ತದೆ. ಆದರೆ ಕ್ಯಾಸೆಟ್ ಬಾಗಿಸಿದ ಮೇಲೇ ಒತ್ತಿ, ನೇರ ಇರುವಾಗ ಒತ್ತಬೇಡಿ. ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿ. ಘಟ್ಟ ಹತ್ತಿದ ಮೇಲೆ ಒಳಗೆ ಒತ್ತಡ ಕಟ್ಟಿರಬಹುದು, ಕಮೋಡ್ ಮುಚ್ಚಳ ಹಾಕಿಕೊಂಡೇ ತಟ್ಟೆಯನ್ನು ಸ್ವಲ್ಪ ಸರಿಸಿ ಗಾಳಿ ಬಿಡಿ.

ಸೀಲ್ ಮತ್ತು ವಾಲ್ವ್

ಬೌಲ್‌ನಲ್ಲಿ ನೀರು ನಿಲ್ಲದಿದ್ದರೆ ತಕ್ಷಣ ಹೊಸ ಕಮೋಡ್ ಹುಡುಕಬೇಡಿ. ಪೆಡಲ್ ಒತ್ತಿಹಿಡಿದು ಸೀಲಿನ ಅಂಚನ್ನು ಕೈಗವಸು ಹಾಕಿದ ಬೆರಳಿನಿಂದಲೋ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದಲೋ ಉಜ್ಜಿ. ಬಿಳಿ ಸುಣ್ಣದ ಪದರ ಕಂಡರೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಹಚ್ಚಿ ಬಿಡಿಸಿ, ತೊಳೆದು, ಸಿಲಿಕೋನ್ ಲೇಪ ಸವರಿ. ವ್ಯಾಸಲೀನ್‌ನಂಥ ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ನಿಮ್ಮ ಮಾದರಿಗೆ ಸರಿಹೊಂದುವ ಸೀಲ್ ತಂದು ಬದಲಿಸಿ.

ಟ್ಯಾಂಕಿನ ವಾಲ್ವ್ ಎಳೆಯಲು ಬಿಗಿಯಾದರೆ ಬಲ ಹಾಕುವ ಮೊದಲು ಹಿಡಿಯ ಸರಳಿಗೆ ಸಿಲಿಕೋನ್ ಸ್ಪ್ರೇ ಹೊಡೆದು ಹಲವು ಬಾರಿ ಹಿಂದೆಮುಂದೆ ಆಡಿಸಿ. ಸೋರುತ್ತಿದ್ದರೆ ಅದರ ತೋಡಿನಲ್ಲಿ ಕಾಗದ ಸಿಕ್ಕಿರಬಹುದು. ನೀರು ತುಂಬಿ ಎರಡು ಮೂರು ಸಲ ರಭಸವಾಗಿ ತೆರೆದು ಮುಚ್ಚಿದರೆ ಹೋಗುವುದುಂಟು. ಹೋಗದಿದ್ದರೆ ಸದ್ಯಕ್ಕೆ ಬಾಯಿಗೆ ತಿರುಗಿಸಿ ಹಾಕುವ ಎರಡನೇ ವಾಲ್ವ್ ಜೋಡಿಸಿ, ಟ್ಯಾಂಕ್ ಪೂರ್ತಿ ತೊಳೆದಿರುವ ದಿನ ಒಳಗಿನದನ್ನು ಬಿಚ್ಚಿ ಬದಲಿಸಿ.

ಚಳಿ, ಮತ್ತು ಗಾಡಿ ನಿಲ್ಲಿಸಿಡುವಾಗ

ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ವಾಲ್ವ್, ಪೈಪ್, ಕಮೋಡಿನ ನೀರಿನ ಜೋಡಣೆ ಒಡೆಯಲು ಅಷ್ಟು ಸಾಕು. ಹಿಮ ಬೀಳುವ ಕಡೆ ಗಾಡಿಯಲ್ಲೇ ಇರುವವರು ಟ್ಯಾಂಕಿನ ಕೆಳಗೆ ಬಿಸಿಮಾಡುವ ಪ್ಯಾಡ್ ಹಾಕಿಸುತ್ತಾರೆ. ಅಂಥ ದಿನಗಳಲ್ಲಿ ಗ್ರೇ ವಾಲ್ವನ್ನೂ ಮುಚ್ಚಿಡಿ, ಇಲ್ಲದಿದ್ದರೆ ತೊಟ್ಟಿಕ್ಕುವ ನೀರು ಹೋಸ್‌ನೊಳಗೇ ಗಡ್ಡೆ ಕಟ್ಟುತ್ತದೆ. ಖಾಲಿ ಮಾಡಿದ ಮೇಲೆ ಹೋಸ್ ಬಿಚ್ಚಿ ಒಳಗಿಡಿ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಎರಡೂ ಟ್ಯಾಂಕ್ ಖಾಲಿ ಮಾಡಿ, ತಿಳಿನೀರು ಬರುವವರೆಗೆ ತೊಳೆಯಿರಿ. ಕೊಳಚೆ ಉಳಿಸಿ ನಿಲ್ಲಿಸಿದರೆ ಒಣಗಿ ಸಿಮೆಂಟಾಗುತ್ತದೆ. ಹೆಪ್ಪುಗಟ್ಟುವ ಪ್ರದೇಶವಾದರೆ ಬೌಲ್‌ಗೆ, ಬ್ಲ್ಯಾಕ್ ಟ್ಯಾಂಕಿಗೆ, ಸಿಂಕ್ ಮತ್ತು ಬಚ್ಚಲಿನ ಬಾಗಿದ ಪೈಪುಗಳಿಗೆ ಆರ್‌ವಿಗೆಂದೇ ಮಾರುವ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರವ ಒಂದಿಷ್ಟು ಸುರಿಯಿರಿ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಗಾಡಿಯ ನೀರಿನ ವ್ಯವಸ್ಥೆಗೆ ತರಲೇಬಾರದು.

ಮತ್ತೆ ಹೊರಡುವ ಹಿಂದಿನ ದಿನ ಬೌಲ್‌ನಲ್ಲಿ ಎರಡು ಇಂಚು ನೀರು ತುಂಬಿ ರಾತ್ರಿ ಬಿಡಿ. ಟ್ಯಾಂಕಿಗೆ ಅರ್ಧದಷ್ಟು ನೀರು ಹಾಕಿ ಹೊರಗಿನ ಬಾಯಿಯ ಮುಚ್ಚಳ ತೆಗೆದು ಬಕೆಟ್ ಇಡಿ. ಬೆಳಿಗ್ಗೆ ಬೌಲ್ ಒಣಗಿದ್ದರೆ ಸೀಲ್, ಬಕೆಟ್ ಒದ್ದೆಯಾಗಿದ್ದರೆ ವಾಲ್ವ್. ರಿಪೇರಿ ಮನೆ ಬಾಗಿಲಲ್ಲೇ ಮುಗಿಸಿಕೊಳ್ಳಬಹುದು.